ಹೊಸ ಪ್ರೊಸೆಸರಿನ ಮೊದಲ ಮಳೆಗಾಲ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವಾಗ ಬಣಕಲ್ ದಾಟಿ ಒಳದಾರಿಗೆ ಹೊರಳಿದರೆ ನಮ್ಮ ತೋಟ. ಇಪ್ಪತ್ತೆರಡು ಎಕರೆ, ಮೇಲಿನ ಪಟ್ಟೆಯಲ್ಲಿ ಅರೇಬಿಕಾ, ಕೆಳಗೆ ರೋಬಸ್ಟಾ. ಕೊಟ್ಟಿಗೆಹಾರದಿಂದ ಆಚೆಗೆ ಚಾರ್ಮಾಡಿ ಘಾಟಿ ಇಳಿಯುತ್ತದೆ. ಕಡಲ ಕಡೆಯಿಂದ ಏರಿ ಬರುವ ಮೋಡ ಮೊದಲು ಬಂದು ಕೂರುವುದು ನಮ್ಮ ತಲೆಯ ಮೇಲೆ. ಜೂನ್ ಎರಡನೆಯ ವಾರದಿಂದ ಆಗಸ್ಟ್ ಮುಗಿಯುವವರೆಗೆ ಕರೆಂಟನ್ನು ನಂಬಿ ಯಾವ ಕೆಲಸವನ್ನೂ ಹಿಡಿಯುವಂತಿಲ್ಲ. ಗಾಳಿಗೆ ಸಿಲ್ವರ್ ಓಕ್ ಮರದ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲು. ಲೈನ್‌ಮ್ಯಾನ್ ಬರಬೇಕೆಂದರೂ ಮೊದಲು ರಸ್ತೆಗೆ ಬಿದ್ದ ಮರ ತೆಗೆಯಬೇಕು.

ಇಂತಹ ಕತ್ತಲಲ್ಲೂ ಶನಿವಾರ ತಪ್ಪುವುದಿಲ್ಲ. ಶನಿವಾರ ಬಟವಾಡೆ. ವಾರದ ಚೆಕ್‌ರೋಲ್ (ಹಾಜರಿ ಮತ್ತು ಕೂಲಿಯ ಪಟ್ಟಿ) ಕೂಡಿ, ಮುಂಗಡ ಕಳೆದು, ಚೀಟಿ ಬರೆದು, ಸಂಜೆ ಐದರೊಳಗೆ ಕೈಗೆ ಹಣ ಕೊಡಬೇಕು. ಭಾನುವಾರದ ಸಂತೆಗೆ ಆ ಹಣವೇ ಆಧಾರ. ನನ್ನ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಸೋಲುತ್ತಿತ್ತು. ಅದರ ಜೊತೆಗೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಭದ್ರತಾ ಅಪ್‌ಡೇಟುಗಳು ನಿಲ್ಲುತ್ತವೆ ಎಂಬ ಸೂಚನೆ ತೆರೆಯ ಮೇಲೆ ಮತ್ತೆ ಮತ್ತೆ ಬರುತ್ತಿತ್ತು. ಆ ಯಂತ್ರಕ್ಕೆ ವಿಂಡೋಸ್ 11 ಹಾಕಲು ಸಾಧ್ಯವಿರಲಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಬಂದ ಮಗಳು ಹೊಸ ಲ್ಯಾಪ್‌ಟಾಪ್ ತಂದಳು. "ಅಮ್ಮ, ಇದು ಇಡೀ ದಿನ ನಡೆಯುತ್ತದೆ, ಬಿಸಿಯೂ ಆಗುವುದಿಲ್ಲ" ಎಂದಳು. ಅವಳು ಹೇಳಿದ್ದು ನಿಜವೇ ಆಯಿತು. ಜುಲೈ ಮೊದಲ ವಾರದ ಕತ್ತಲಲ್ಲಿ ಬೆಳಿಗ್ಗೆ ಏಳಕ್ಕೆ ತೆರೆದ ಯಂತ್ರ ರಾತ್ರಿ ಊಟದ ಹೊತ್ತಿಗೂ ಉಸಿರಾಡುತ್ತಿತ್ತು. ತೊಡೆಯ ಮೇಲಿಟ್ಟುಕೊಂಡರೆ ತಣ್ಣಗೆ, ಸ್ಲೇಟಿನ ಹಾಗೆ.

ಅದರ ಗುಟ್ಟು ಪ್ರೊಸೆಸರ್, ಯಂತ್ರದ ಲೆಕ್ಕವನ್ನೆಲ್ಲ ಮಾಡುವ ಚಿಪ್. ಒಳಗಿರುವುದು ಇಂಟೆಲ್ ಅಲ್ಲ, ಎಎಂಡಿ ಅಲ್ಲ, ಸ್ನ್ಯಾಪ್‌ಡ್ರ್ಯಾಗನ್. ನಮ್ಮೆಲ್ಲರ ಮೊಬೈಲಿನಲ್ಲಿರುವ ಆರ್ಮ್ ಎಂಬ ಬಳಗಕ್ಕೆ ಸೇರಿದ್ದು. ಈ ಬಳಗದ ಹುಟ್ಟಿನ ಕಥೆಯೊಂದು ನನಗೆ ಬಹಳ ಇಷ್ಟ. 1985ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದ ಏಕಾರ್ನ್ ಎಂಬ ಸಂಸ್ಥೆಗೆ ಮೊದಲ ಆರ್ಮ್ ಚಿಪ್ ತಯಾರಾಗಿ ಬಂತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದನ್ನು ವಿನ್ಯಾಸ ಮಾಡಿದವರು. ಚಿಪ್ ಕೆಲಸ ಮಾಡುತ್ತಿತ್ತು. ಅದು ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ಫರ್ಬರ್ ಮೀಟರ್ ಇಟ್ಟು ನೋಡಿದರೆ ಮುಳ್ಳು ಸೊನ್ನೆಯಲ್ಲಿ ನಿಂತಿತ್ತು. ಹುಡುಕಿದಾಗ ತಿಳಿದದ್ದು, ಚಿಪ್ಪಿಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಅಕ್ಕಪಕ್ಕದ ಸರ್ಕ್ಯೂಟುಗಳಿಂದ ಸಂಕೇತದ ತಂತಿಗಳ ಮೂಲಕ ಸೋರಿ ಬಂದ ಅಷ್ಟಿಷ್ಟು ವಿದ್ಯುತ್ತಿನಲ್ಲೇ ಅದು ಓಡುತ್ತಿತ್ತು. ಮಲೆನಾಡಿನ ಮಳೆಗಾಲಕ್ಕೆಂದೇ ಹುಟ್ಟಿದ ಚಿಪ್ ಎಂದು ನನಗೆ ಅನ್ನಿಸಿತು.

ಆದರೆ ಇಡೀ ದಿನ ನಡೆಯುವ ಯಂತ್ರದಲ್ಲಿ ಇಡೀ ದಿನ ಏನು ಮಾಡುವುದು? ನನ್ನ ತಂತ್ರಾಂಶಗಳೆಲ್ಲ ಬೇರೆ ಪ್ರೊಸೆಸರಿಗಾಗಿ ಬರೆದವು.

ಮೊದಲ ವಾರ ನಾನು ಮಾಡಿದ್ದು ಒಂದೇ ಕೆಲಸ. ಹಳೆಯ ಯಂತ್ರದಲ್ಲಿದ್ದ ಪ್ರತಿಯೊಂದು ತಂತ್ರಾಂಶದ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಪುಟಕ್ಕೆ ಹೋಗಿ, ಹೊಸ ಯಂತ್ರಕ್ಕೆ ಹೊಂದುವ ಪ್ರತಿ ಇದೆಯೇ ಎಂದು ಹುಡುಕಿದೆ. ಇಲ್ಲಿ ಹೆಸರುಗಳೇ ಮೊದಲ ತೊಡಕು. 64 ಬಿಟ್ ಎಂದು ಬರೆದಿದ್ದರೆ ನನ್ನದೂ 64 ಬಿಟ್ ತಾನೇ ಎಂದು ಇಳಿಸಿಕೊಂಡೆ. ತಪ್ಪು. 64 ಬಿಟ್ ಎನ್ನುವುದು ಅಳತೆಯ ಹೆಸರು, ಭಾಷೆಯ ಹೆಸರಲ್ಲ. ಎಕ್ಸ್64 ಎಂದರೂ ಎಎಂಡಿ64 ಎಂದರೂ ಒಂದೇ, ಇಂಟೆಲ್ ಯಂತ್ರಕ್ಕೂ ಅದೇ ಪ್ರತಿ. ಇಂಟೆಲ್‌ನ ಹಳೆಯ ಭಾಷೆಯ ಆ 64 ಬಿಟ್ ವಿಸ್ತರಣೆಯನ್ನು 2003ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಎಎಂಡಿ, ಹಾಗಾಗಿ ಹೆಸರು ಉಳಿದುಕೊಂಡಿದೆ. ನನಗೆ ಬೇಕಾದದ್ದು ಆರ್ಮ್64. ಕೆಲವರು ಅದನ್ನೇ ಎಆರ್ಚ್64 ಎಂದು ಬರೆಯುತ್ತಾರೆ. ಈ ನಾಲ್ಕು ಹೆಸರು ಬಿಡಿಸಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಯಾರಾದರೂ ಮೊದಲೇ ಕೂರಿಸಿಕೊಂಡು ಹೇಳಿದ್ದರೆ ಐದು ನಿಮಿಷ ಸಾಕಿತ್ತು. ಅದಕ್ಕಾಗಿಯೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಪ್ರೊಸೆಸರ್ ಬದಲಾದರೆ ತಂತ್ರಾಂಶ ಏಕೆ ನಡೆಯುವುದಿಲ್ಲ ಎಂದು ಪಕ್ಕದ ತೋಟದವರು ಕೇಳಿದಾಗ ನನಗೆ ತಕ್ಷಣ ನೆನಪಾದದ್ದು ಪಲ್ಪರ್. ಅರೇಬಿಕಾ ಹಣ್ಣಿನ ಸಿಪ್ಪೆ ಸುಲಿಯಲು ಹೊಂದಿಸಿದ ಪಲ್ಪರಿಗೆ ಹಾಗೆಯೇ ರೋಬಸ್ಟಾ ಸುರಿದರೆ ಕೆಲಸ ಕೆಡುತ್ತದೆ. ರೋಬಸ್ಟಾ ಹಣ್ಣು ಚಿಕ್ಕದು, ಸಿಪ್ಪೆ ಬಿಗಿ; ಅಂತರ ಸರಿಹೊಂದಿಸದಿದ್ದರೆ ಹಣ್ಣು ಹಾಗೆಯೇ ಜಾರಿ ಹೋಗುತ್ತದೆ, ತೀರಾ ಬಿಗಿ ಮಾಡಿದರೆ ಬೀಜ ಗಾಯವಾಗುತ್ತದೆ. ಎರಡೂ ಕಾಫಿಯೇ, ಆದರೂ ಯಂತ್ರದ ಬಾಯಿ ಬೇರೆ. ಪ್ರೊಸೆಸರಿನ ಬಾಯಿಯೂ ಹಾಗೆಯೇ. 1978ರ ಇಂಟೆಲ್ 8086ರಿಂದ ಬೆಳೆದು ಬಂದ ಎಕ್ಸ್86 ಭಾಷೆಯಲ್ಲಿ ಒಂದು ಆದೇಶ 1 ಬೈಟ್ ಇರಬಹುದು, 15 ಬೈಟ್ ಇರಬಹುದು. ಆರ್ಮ್64ರಲ್ಲಿ ಪ್ರತಿಯೊಂದು ಆದೇಶವೂ ಸರಿಯಾಗಿ 4 ಬೈಟ್. ಒಂದಕ್ಕಾಗಿ ಹೊಂದಿಸಿದ ಆದೇಶಗಳ ಸಾಲನ್ನು ಇನ್ನೊಂದರ ಬಾಯಿಗೆ ಸುರಿದರೆ ಅದಕ್ಕೆ ತಲೆಯೂ ತಿಳಿಯುವುದಿಲ್ಲ, ಬಾಲವೂ ತಿಳಿಯುವುದಿಲ್ಲ.

ಹಾಗಿದ್ದರೂ ನನ್ನ ಹಳೆಯ ತಂತ್ರಾಂಶಗಳಲ್ಲಿ ಬಹಳಷ್ಟು ನಡೆದವು. ನಡುವೆ ಒಬ್ಬ ದುಭಾಷಿ ಇದ್ದಾನೆ. ವಿಂಡೋಸ್ 11ರ 2024ರ ಆವೃತ್ತಿಯಲ್ಲಿ ಅವನ ಹೆಸರು ಪ್ರಿಸಂ. ಎಕ್ಸ್86 ಆದೇಶಗಳನ್ನು ತುಂಡು ತುಂಡಾಗಿ ತೆಗೆದುಕೊಂಡು, ಆರ್ಮ್ ಆದೇಶಗಳಾಗಿ ತಿರುಗಿಸಿ, ತಿರುಗಿಸಿದ್ದನ್ನು ಮುಂದಿನ ಸಲಕ್ಕೆಂದು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಮೊದಲ ಸಲ ತೆರೆದಾಗ ತಡವರಿಸಿದ ತಂತ್ರಾಂಶ ಎರಡನೆಯ ಸಲ ಚುರುಕಾಗುವುದನ್ನು ನಾನೇ ನೋಡಿದ್ದೇನೆ. ಟಾಸ್ಕ್ ಮ್ಯಾನೇಜರಿನ ವಿವರಗಳ ಪುಟದಲ್ಲಿ ಆರ್ಕಿಟೆಕ್ಚರ್ ಎಂಬ ಅಂಕಣವನ್ನು ತೆರೆದಿಟ್ಟುಕೊಂಡರೆ ಯಾರು ಸ್ವಂತ ಮಾತಿನಲ್ಲಿ ನಡೆಯುತ್ತಿದ್ದಾರೆ, ಯಾರು ದುಭಾಷಿಯ ಹೆಗಲ ಮೇಲಿದ್ದಾರೆ ಎಂಬುದು ಸಾಲು ಸಾಲಾಗಿ ಕಾಣಿಸುತ್ತದೆ. ಆ ಅಂಕಣ ನನಗೆ ದಿನದ ಅಭ್ಯಾಸವಾಯಿತು. ಬೆಳಿಗ್ಗೆ ಮಳೆ ಮಾಪಕ ನೋಡಿ ಬಂದು ಇಂಚು, ಸೆಂಟು ಬರೆದ ಮೇಲೆ ಇದನ್ನೂ ನೋಡುವುದು.

ಫೈರ್‌ಫಾಕ್ಸ್ ಮತ್ತು ಕ್ರೋಮ್ ಆರ್ಮ್64 ಪ್ರತಿಗಳನ್ನೇ ಕೊಟ್ಟಿವೆ. ಲಿಬ್ರೆ ಆಫೀಸ್ 2024ರ ಆಗಸ್ಟ್‌ನಲ್ಲಿ ಬಂದ 24.8 ಆವೃತ್ತಿಯಿಂದ ಅಧಿಕೃತವಾಗಿ ವಿಂಡೋಸ್ ಆರ್ಮ್‌ಗೆ ಸಿಗುತ್ತಿದೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಫೈಲು ಕಟ್ಟುವ 7-ಜಿಪ್ ಕೂಡ ಇವೆ. ಈ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತ ಹೋದಾಗ ಒಂದು ವಿಷಯ ಎದ್ದು ಕಂಡಿತು. ನಾನು ಹಣ ಕೊಟ್ಟು ಕೊಂಡ ಹಳೆಯ ತಂತ್ರಾಂಶಗಳಿಗಿಂತ, ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ಮುಕ್ತ ತಂತ್ರಾಂಶಗಳೇ ಹೊಸ ಯಂತ್ರಕ್ಕೆ ಮೊದಲು ದಾಟಿದ್ದವು. ಮೂಲ ಕೈಯಲ್ಲಿದ್ದರೆ ಹೊಸ ಪ್ರೊಸೆಸರಿಗೆ ಮತ್ತೆ ಕಟ್ಟಬಹುದು. ಮೂಲ ಎಲ್ಲಿದೆ ಎಂದೇ ತಿಳಿಯದಿದ್ದರೆ ದುಭಾಷಿಯ ಕಾಲು ಹಿಡಿಯಬೇಕು.

ದುಭಾಷಿ ಎಂದೆಂದಿಗೂ ಇರುತ್ತಾನೆ ಎಂದು ಕೂಡ ನಂಬಿ ಕೂರುವಂತಿಲ್ಲ. ಆ್ಯಪಲ್ ಸಂಸ್ಥೆ 2006ರಲ್ಲಿ ಇಂಟೆಲ್‌ಗೆ ಬದಲಾದಾಗ ರೊಸೆಟಾ ಎಂಬ ದುಭಾಷಿಯನ್ನು ಕೊಟ್ಟಿತು. 2011ರ ಲಯನ್ ಆವೃತ್ತಿಯಲ್ಲಿ ಅದನ್ನು ತೆಗೆಯಿತು. 2020ರಲ್ಲಿ ಇಂಟೆಲ್ ಬಿಟ್ಟು ತನ್ನದೇ ಆರ್ಮ್ ಚಿಪ್ ಎಂ1ಕ್ಕೆ ಬಂದಾಗ ರೊಸೆಟಾ 2 ಬಂತು. ಅದು ಪೂರ್ಣ ರೂಪದಲ್ಲಿ ಮ್ಯಾಕ್‌ಒಎಸ್ 27ರವರೆಗೆ ಮಾತ್ರ ಎಂದು 2025ರ ಜೂನ್‌ನಲ್ಲಿಯೇ ಹೇಳಿಯಾಗಿದೆ. ಮಗಳ ಮ್ಯಾಕ್‌ಬುಕ್ಕಿನಲ್ಲಿ ಈ ಸುದ್ದಿಯನ್ನು ಓದಿದ ದಿನ ನನಗೆ ಸ್ವಲ್ಪ ಆತಂಕವಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ದುಭಾಷಿಯ ಹೆಗಲ ಮೇಲಿದ್ದ ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟೆ.

ದುಭಾಷಿಗೆ ಸಾಧ್ಯವಾಗದ ಜಾಗಗಳೂ ಇವೆ. ನನಗೆ ಅದು ತಿಳಿದದ್ದು ಕನ್ನಡ ಬರೆಯಲು ಕುಳಿತಾಗ.

ಇಪ್ಪತ್ತು ವರ್ಷದಿಂದ ನಾನು ಒಂದೇ ಕನ್ನಡ ತಂತ್ರಾಂಶವನ್ನು ಬಳಸುತ್ತಿದ್ದೆ. ಹೊಸ ಯಂತ್ರದಲ್ಲಿ ಅದನ್ನು ಹಾಕಿದೆ, ಹಾಕಿಸಿಕೊಂಡಿತು. ಹಳೆಯ ಪದ ಸಂಸ್ಕಾರಕವನ್ನು ತೆರೆದು ಬರೆದರೆ ಕನ್ನಡ ಬಂತು. ಖುಷಿಯಿಂದ ಫೈರ್‌ಫಾಕ್ಸಿನಲ್ಲಿ ಮಗಳಿಗೆ ಪತ್ರ ಬರೆಯಲು ಹೋದರೆ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತವು. ಮತ್ತೆ ಹಳೆಯ ಕಿಟಕಿಗೆ ಹೋದೆ, ಕನ್ನಡ. ಹೊಸ ಕಿಟಕಿ, ಇಂಗ್ಲಿಷ್. ಆರ್ಕಿಟೆಕ್ಚರ್ ಅಂಕಣ ನೋಡಿದಾಗ ಕಾರಣ ಹೊಳೆಯಿತು. ಇಂತಹ ಕೀಲಿಮಣೆ ತಂತ್ರಾಂಶ ತಾನೊಂದೇ ಬೇರೆ ಕೋಣೆಯಲ್ಲಿ ಕುಳಿತು ಕೆಲಸ ಮಾಡುವುದಿಲ್ಲ. ತನ್ನದೊಂದು ತುಣುಕನ್ನು ನಾವು ಬರೆಯುವ ಪ್ರತಿಯೊಂದು ತಂತ್ರಾಂಶದ ಒಳಗೇ ಕೂರಿಸುತ್ತದೆ. ದುಭಾಷಿಯ ನೆರವಿನಿಂದ ನಡೆಯುವ ಹಳೆಯ ಪದ ಸಂಸ್ಕಾರಕದೊಳಗೆ ಆ ತುಣುಕು ಕುಳಿತುಕೊಳ್ಳುತ್ತದೆ, ಅಲ್ಲಿ ಇಬ್ಬರದೂ ಒಂದೇ ಭಾಷೆ. ಆರ್ಮ್ ಭಾಷೆಯಲ್ಲೇ ನಡೆಯುವ ಫೈರ್‌ಫಾಕ್ಸಿನೊಳಗೆ ಎಕ್ಸ್86 ತುಣುಕಿಗೆ ಜಾಗವಿಲ್ಲ. ಒಂದೇ ಮನೆಯೊಳಗೆ ದುಭಾಷಿ ನಿಲ್ಲಲು ಹೊಸ್ತಿಲೇ ಇಲ್ಲ. ಕೀಲಿಮಣೆ ಬದಲಿಸುವ ತಂತ್ರಾಂಶಗಳಿಗೆ ಆರ್ಮ್ ಯಂತ್ರಗಳಲ್ಲಿ ತೊಂದರೆ ಬರಬಹುದು ಎಂದು ಮೈಕ್ರೋಸಾಫ್ಟ್ ಕೂಡ ಮೊದಲೇ ಬರೆದಿಟ್ಟಿದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದೊಂದು ಸಣ್ಣ ಟಿಪ್ಪಣಿ. ಕನ್ನಡದಲ್ಲಿ ಬರೆಯುವವರಿಗೆ ಇದು ಬಾಯಿ ಕಟ್ಟಿದ ಹಾಗೆ.

ವಿಂಡೋಸಿನಲ್ಲಿಯೇ ಕನ್ನಡ ಕೀಲಿಮಣೆಗಳಿವೆ. ಅವು ಯಂತ್ರದ ಜೊತೆಗೇ ಬರುವುದರಿಂದ ಎಲ್ಲ ಕಡೆ ಸರಿಯಾಗಿ ನಡೆಯುತ್ತವೆ. ಆದರೆ ನನ್ನ ಬೆರಳುಗಳು ಕಲಿತದ್ದು ಕೆ.ಪಿ. ರಾವ್ ಅವರ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನೇ ಹಿಡಿದು ಕರ್ನಾಟಕದ ಕಚೇರಿ ಕಚೇರಿಗೆ ತಲುಪಿಸಿತು. ಒತ್ತಕ್ಷರ ಬೇಕೆಂದಾಗ ನನ್ನ ಎಡಗೈ ತೋರುಬೆರಳು ತಾನಾಗಿಯೇ ಎಫ್ ಕೀಲಿಯನ್ನು ಒತ್ತುತ್ತದೆ. ವಿಂಡೋಸಿನ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಎಫ್ ಗುಡಿಸನ್ನು ಮೂಡಿಸುತ್ತದೆ. ಒತ್ತು ಇರುವುದು ಪಕ್ಕದ ಡಿ ಕೀಲಿಯಲ್ಲಿ. ಉಳಿದ ಅಕ್ಷರಗಳನ್ನು ನೋಡಿ ನೋಡಿ ಒತ್ತಿದರೂ ಅಮ್ಮ ಎಂದು ಬರೆಯಲು ಹೋದರೆ ಅಮಿಮ ಎಂದಾಗುತ್ತಿತ್ತು. ಅಪ್ಪ ಅಪಿಪ ಆಗುತ್ತಿದ್ದ. ಒಂದೇ ಒಂದು ಕೀಲಿಯಷ್ಟು ದೂರ, ಆದರೆ ಇಪ್ಪತ್ತು ವರ್ಷದ ಅಭ್ಯಾಸವನ್ನು ಆ ಒಂದು ಕೀಲಿ ಪಕ್ಕಕ್ಕೆ ಸರಿಸುವುದು ಎಷ್ಟು ಕಷ್ಟ ಎಂಬುದನ್ನು ಬೆರಳೇ ಹೇಳಬೇಕು.

ನಮ್ಮ ಹಳೆಯ ವಿನ್ಯಾಸವನ್ನೇ ಹೊಸ ಯಂತ್ರಕ್ಕೆ ತರಬಾರದೇಕೆ ಎಂದು ಹಟ ಹಿಡಿದೆ. ವಿಂಡೋಸಿಗೆ ಕೀಲಿಮಣೆ ವಿನ್ಯಾಸ ಮಾಡಿಕೊಳ್ಳಲು ಮೈಕ್ರೋಸಾಫ್ಟ್‌ನದೇ ಒಂದು ಹಳೆಯ ಸಾಧನವಿದೆ, ಕೀಬೋರ್ಡ್ ಲೇಔಟ್ ಕ್ರಿಯೇಟರ್ ಎಂದು. ಒಂದು ಭಾನುವಾರವಿಡೀ ಕುಳಿತು ಪ್ರತಿ ಕೀಲಿಗೂ ಅಕ್ಷರ ತುಂಬಿದೆ. ಕೊನೆಗೆ ಅದು ಕಟ್ಟಿಕೊಟ್ಟ ಫೈಲು ಇಂಟೆಲ್ ಬಗೆಯ ಯಂತ್ರಗಳಿಗೆ ಮಾತ್ರ. ಆರ್ಮ್‌ಗೆ ಕಟ್ಟುವುದು ಅದಕ್ಕೆ ಬರುವುದಿಲ್ಲ. ಯೋಚಿಸಿದರೆ ಸಂಕಟವಾಗುತ್ತದೆ. ಕೀಲಿಮಣೆಯ ವಿನ್ಯಾಸ ಎಂದರೆ ಏನು? ಈ ಕೀಲಿಗೆ ಈ ಅಕ್ಷರ ಎಂಬ ಒಂದು ಪಟ್ಟಿ. ಎರಡು ಪುಟದಲ್ಲಿ ಕೈಯಿಂದ ಬರೆದುಬಿಡಬಹುದು. ಆ ಪಟ್ಟಿಯನ್ನು ಪ್ರೊಸೆಸರಿನ ಭಾಷೆಯ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಜಡಿದದ್ದರಿಂದ, ಪ್ರೊಸೆಸರ್ ಬದಲಾದ ಕೂಡಲೇ ಪಟ್ಟಿಯೂ ಕೈಗೆ ಸಿಗದ ಹಾಗಾಯಿತು.

ಅದೇ ವಾರ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯನ್ನು ಹಾಕಿದೆ, ಅದಕ್ಕೆ ಬೇರೆ ಕೆಲಸವಿತ್ತು, ಮುಂದೆ ಹೇಳುತ್ತೇನೆ. ಅಲ್ಲಿ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹದಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ನಮ್ಮ ವಿನ್ಯಾಸ ಸಿಕ್ಕಿತು. ಫೈಲನ್ನು ತೆರೆದು ನೋಡಿದೆ. ಬರಿ ಪಠ್ಯ. ಎಡಕ್ಕೆ ಕೀಲಿ, ಬಲಕ್ಕೆ ಅಕ್ಷರ, ಸಾಲು ಸಾಲಾಗಿ, ಕನ್ನಡದಲ್ಲಿಯೇ. ಅದು ಇಂಟೆಲ್ ಯಂತ್ರದಲ್ಲೂ ನಡೆಯುತ್ತದೆ, ಆರ್ಮ್ ಯಂತ್ರದಲ್ಲೂ ನಡೆಯುತ್ತದೆ, ಇನ್ನು ಇಪ್ಪತ್ತು ವರ್ಷಕ್ಕೆ ಬೇರೇನೋ ಬಂದರೆ ಅಲ್ಲಿಯೂ ಯಾರಾದರೂ ಓದಬಹುದು. ಕಣ್ಣಿಗೆ ಕಾಣುವಂತೆ ಬರೆದಿಟ್ಟ ಆ ಪಟ್ಟಿಯನ್ನು ನೋಡಿ ನನಗೆ ಅಪ್ಪನ ಮಳೆ ಪುಸ್ತಕ ನೆನಪಾಯಿತು. 1971ರಿಂದ ಪ್ರತಿ ದಿನದ ಮಳೆ, ನೀಲಿ ಶಾಯಿಯಲ್ಲಿ. ಅದನ್ನು ಓದಲು ಯಾವ ಹೊಂದಾಣಿಕೆಯೂ ಬೇಕಿಲ್ಲ.

ಇದೇ ಕಾರಣಕ್ಕೆ ನನ್ನ ಹಳೆಯ ಬರಹಗಳು ಉಳಿದುಕೊಂಡವು. ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಎಂಬ ಅಕ್ಷರ ಸಂಕೇತ ನಮ್ಮ ಕೈಗೆ ಬರುವ ಮುಂಚೆ ಬರೆದವು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಲ್ಲಿ. ಅವೆಲ್ಲ ಹೋದವು ಎಂದೇ ಹೆದರಿದ್ದೆ. ಆದರೆ ಫಾಂಟು ಪ್ರೊಸೆಸರಿನ ಹಂಗಿನಲ್ಲಿಲ್ಲ. ಹಳೆಯ ಯಂತ್ರದಿಂದ ಫಾಂಟ್ ಫೈಲನ್ನು ನಕಲು ಮಾಡಿ ಹಾಕಿದರೆ ಸಾಕು, ಪುಟಗಳು ಹಿಂದೆ ಹೇಗಿದ್ದವೋ ಹಾಗೆಯೇ ತೆರೆದುಕೊಂಡವು. ಈಗ ಬಿಡುವಾದಾಗಲೆಲ್ಲ ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇನೆ. ಮೂಡಿಗೆರೆಯಲ್ಲೇ ಬದುಕಿದ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಎಂಬುದು ನಮ್ಮ ಕಡೆಯ ಹಿರಿಯರಿಗೆಲ್ಲ ನೆನಪಿದೆ. ಕಂಪ್ಯೂಟರಿನಲ್ಲಿ ಕನ್ನಡ ನಿಲ್ಲದಿದ್ದರೆ ಮುಂದೆ ಎಲ್ಲಿಯೂ ನಿಲ್ಲುವುದಿಲ್ಲ ಎಂಬ ಕಾಳಜಿ ಆಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಹೊಸ ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಾಲು ನೋಡಿದ ದಿನ ಅರ್ಥವಾಯಿತು.

ಕೊನೆಗೆ ನಾನು ಇನ್‌ಸ್ಕ್ರಿಪ್ಟ್ ಕಲಿತೆ. ಬೇರೆ ದಾರಿ ಕಾಣಲಿಲ್ಲ, ಮಳೆಯೂ ಹೊರಗೆ ಬಿಡುತ್ತಿರಲಿಲ್ಲ. ಸ್ವರಗಳು ಬಹುತೇಕ ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ ಎಂಬ ಅದರ ಕ್ರಮ ಚೆನ್ನಾಗಿದೆ. ಎರಡು ಕೈಯೂ ಸರದಿಯ ಮೇಲೆ ದುಡಿಯುತ್ತವೆ. ಮೂರನೆಯ ವಾರದ ಹೊತ್ತಿಗೆ ಅಮ್ಮ ಅಮ್ಮನೇ ಆದಳು. ಈ ಬರಹವನ್ನು ಅದರಲ್ಲಿಯೇ ಬರೆಯುತ್ತಿದ್ದೇನೆ.

ಪ್ರಿಂಟರಿನ ಕಥೆ ಚಿಕ್ಕದು. ನಮ್ಮದು ಹನ್ನೆರಡು ವರ್ಷದ ಹಳೆಯ ಲೇಸರ್ ಪ್ರಿಂಟರ್. ಪುಟವನ್ನು ಸಿದ್ಧ ಮಾಡುವ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಬಿಟ್ಟು, ತಾನು ಮಸಿ ಹಚ್ಚುವುದಷ್ಟನ್ನೇ ಮಾಡುವ ಬಗೆ. ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ವಿಂಡೋಸಿನ ತೀರಾ ಒಳಗಿನ ಪದರದ ಹತ್ತಿರ ಕೆಲಸ ಮಾಡುತ್ತದೆ, ಅಲ್ಲಿಗೂ ದುಭಾಷಿಗೆ ಪ್ರವೇಶವಿಲ್ಲ. ಡ್ರೈವರ್ ಎಂದರೆ ಆರ್ಮ್‌ಗೆಂದೇ ಬರೆದದ್ದಾಗಿರಬೇಕು. ತಯಾರಕರು ಬರೆದಿಲ್ಲ. ಲಿನಕ್ಸಿನಲ್ಲಿ ಮಾತ್ರ ಯಾರೋ ಆಸಕ್ತರು ವರ್ಷಗಳ ಹಿಂದೆಯೇ ಆ ಬಗೆಯ ಪ್ರಿಂಟರುಗಳಿಗೆ ಮುಕ್ತ ಡ್ರೈವರ್ ಬರೆದಿಟ್ಟಿದ್ದರು. ಹಾಗಾಗಿ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಪ್ರಿಂಟರಿನ ಪಕ್ಕದಲ್ಲಿ ಕೂರಿಸಿದ್ದೇನೆ. ಹೊಸ ಯಂತ್ರ ವೈಫೈ ಮೂಲಕ ಅದಕ್ಕೆ ಪುಟ ಕಳಿಸುತ್ತದೆ, ಅದು ಪ್ರಿಂಟರಿಗೆ ದಾಟಿಸುತ್ತದೆ. ಹೊಸ ಪ್ರಿಂಟರ್ ಕೊಳ್ಳುವವರು ಡ್ರೈವರ್ ಇಲ್ಲದೆಯೇ ನೆಟ್‌ವರ್ಕಿನಲ್ಲಿ ಮಾತನಾಡುವ ಐಪಿಪಿ ಅಥವಾ ಮೊಪ್ರಿಯಾ ಎಂಬ ಗುರುತು ಇದೆಯೇ ಎಂದು ನೋಡಿ ಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಇನ್ನು ಚೆಕ್‌ರೋಲ್. ಇದನ್ನು ಹೇಳಲಿಕ್ಕೆಂದೇ ನಾನು ಇಷ್ಟು ಬರೆದದ್ದು.

1998ರಲ್ಲಿ ಅಪ್ಪ ಮೊದಲ ಕಂಪ್ಯೂಟರ್ ತಂದಾಗ, ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನೆಂಟರ ಹುಡುಗನೊಬ್ಬ ಎರಡು ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಉಳಿದು, ವಿಂಡೋಸಿಗಿಂತ ಹಳೆಯ ಡಾಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಫಾಕ್ಸ್‌ಪ್ರೊದಲ್ಲಿ ಬಟವಾಡೆಯ ಪ್ರೋಗ್ರಾಂ ಬರೆದುಕೊಟ್ಟ. ಕಪ್ಪು ತೆರೆ, ಬಿಳಿ ಅಕ್ಷರ, ಮೌಸಿನ ಗೊಡವೆ ಇಲ್ಲ. ತೋಟದ ಲೆಕ್ಕ ಬರೆಯುವವರನ್ನು ನಮ್ಮ ಕಡೆ ರೈಟರ್ ಎನ್ನುತ್ತಾರೆ. ನಮ್ಮ ರೈಟರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದು ನಿಯಮವನ್ನೂ ಹೇಳುತ್ತಿದ್ದರು, ಹುಡುಗ ಅದನ್ನು ಪ್ರೋಗ್ರಾಮಿನಲ್ಲಿ ಇಳಿಸುತ್ತಿದ್ದ. ಅರ್ಧ ದಿನದ ಹಾಜರಿ ಹೇಗೆ, ಮಳೆಯಿಂದ ಕೆಲಸ ನಿಂತ ದಿನಕ್ಕೆ ಎಷ್ಟು, ಹಬ್ಬದ ಮುಂಗಡವನ್ನು ಎಷ್ಟು ವಾರದಲ್ಲಿ ಹಿಡಿಯಬೇಕು, ಕೊಯ್ಲಿನಲ್ಲಿ ದಿನದ ಪಾಲು ಮೀರಿ ಕೊಯ್ದ ಹಣ್ಣಿಗೆ ಕಿಲೋಗೆ ಏನು ಲೆಕ್ಕ. ಇಪ್ಪತ್ತೇಳು ವರ್ಷ ಆ ಪ್ರೋಗ್ರಾಂ ಒಂದು ವಾರವೂ ತಪ್ಪದೆ ನಡೆದಿದೆ. ಅದಕ್ಕಾಗಿಯೇ ಹಳೆಯ ಲ್ಯಾಪ್‌ಟಾಪಿನಲ್ಲಿ 32 ಬಿಟ್ ವಿಂಡೋಸನ್ನೇ ಉಳಿಸಿಕೊಂಡಿದ್ದೆ. ಏಕೆಂದರೆ 64 ಬಿಟ್ ವಿಂಡೋಸ್ ಯಾವ ಪ್ರೊಸೆಸರಿನ ಮೇಲಿದ್ದರೂ ಡಾಸ್ ಪ್ರೋಗ್ರಾಮುಗಳನ್ನು ಮುಟ್ಟುವುದಿಲ್ಲ.

ಹೊಸ ಯಂತ್ರದಲ್ಲಿ ಡಾಸ್‌ಬಾಕ್ಸ್ ಹಾಕಿದೆ. ಅದು ಇಡೀ ಒಂದು ಹಳೆಯ ಕಂಪ್ಯೂಟರನ್ನೇ ಕಿಟಕಿಯೊಳಗೆ ಕಟ್ಟಿಕೊಡುವ ಮುಕ್ತ ತಂತ್ರಾಂಶ. ನಾನು ಇಳಿಸಿಕೊಂಡದ್ದು ಎಕ್ಸ್86 ಪ್ರತಿ. ಅಂದರೆ ಫಾಕ್ಸ್‌ಪ್ರೊದ ಮಾತನ್ನು ಡಾಸ್‌ಬಾಕ್ಸ್ ತಿಳಿದುಕೊಂಡು ಹೇಳುತ್ತದೆ, ಡಾಸ್‌ಬಾಕ್ಸಿನ ಮಾತನ್ನು ಪ್ರಿಸಂ ತಿರುಗಿಸಿ ಹೇಳುತ್ತದೆ, ಆಮೇಲೆ ಆರ್ಮ್ ಚಿಪ್ಪಿಗೆ ತಲುಪುತ್ತದೆ. ಇಬ್ಬರು ದುಭಾಷಿಗಳು. ಎಂಟರ್ ಒತ್ತಿ ಉಸಿರು ಬಿಗಿಹಿಡಿದು ಕುಳಿತೆ. ಕಪ್ಪು ತೆರೆ ಮೂಡಿತು, ಮೇಲೆ ನಮ್ಮ ತೋಟದ ಹೆಸರು, ಕೆಳಗೆ ವಾರದ ತಾರೀಖು ಕೇಳುವ ಮಿನುಗುವ ಗೆರೆ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು; ಆ ಗೆರೆ ಮಿನುಗುವುದನ್ನು ನೋಡಿ ಕಣ್ಣು ತುಂಬಿ ಬಂತು. ಆ ಶನಿವಾರ ಕರೆಂಟಿಲ್ಲದೆಯೂ ಬಟವಾಡೆ ಹೊತ್ತಿಗೆ ಸರಿಯಾಗಿ ಮುಗಿಯಿತು. ಚೀಟಿಗಳನ್ನು ತೆರೆಯಿಂದ ನೋಡಿ ಕೈಯಲ್ಲೇ ಬರೆದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಳೆದ ಜನವರಿಯ ರೋಬಸ್ಟಾ ಕೊಯ್ಲಿನಲ್ಲಿ ಒಂದು ಸಂಗತಿ ನಡೆದಿತ್ತು. ಒಂದು ಕುಟುಂಬದ ನಾಲ್ವರು ಸೇರಿ ಕೊಯ್ದ ವಾರದ ಒಟ್ಟು ಹತ್ತು ಸಾವಿರ ದಾಟಿತು. ಮೊತ್ತ ಬರಬೇಕಾದ ಜಾಗದಲ್ಲಿ ನಕ್ಷತ್ರಗಳ ಸಾಲು ಬಂತು. 1998ರಲ್ಲಿ ಕೂಲಿಯ ಮೊತ್ತಕ್ಕೆ ನಾಲ್ಕಂಕಿಯ ಜಾಗ ಸಾಕು ಎಂದು ಹುಡುಗ ಎಣಿಸಿದ್ದ. ಆಗ ಅದು ಸರಿಯೇ. ಐದನೆಯ ಅಂಕಿಗೆ ಜಾಗ ಮಾಡಬೇಕಾದರೆ ಪ್ರೋಗ್ರಾಮಿನ ಮೂಲ ಬೇಕು. ನಮ್ಮಲ್ಲಿರುವುದು ಕಟ್ಟಿ ಮುಗಿಸಿದ ಫೈಲು ಮಾತ್ರ. ದುಭಾಷಿ ಎಷ್ಟೇ ಜಾಣನಾದರೂ ಹಿಂದೆ ಹೇಳಿದ್ದನ್ನೇ ತಿರುಗಿಸಿ ಹೇಳಬಲ್ಲ. ಹೊಸದೊಂದು ಮಾತನ್ನು ಸೇರಿಸಲು ಅವನಿಂದ ಆಗುವುದಿಲ್ಲ. ಹೊಸ ಪ್ರೊಸೆಸರಿಗೆ ಹೊಂದುವ ತಂತ್ರಾಂಶ ಎಂದು ನಾನು ಮೂರು ತಿಂಗಳು ಹುಡುಕಿದೆ. ಚೆಕ್‌ರೋಲ್ ಹೊಂದಿಕೊಂಡಿತು, ಚೆನ್ನಾಗಿಯೇ ನಡೆಯಿತು. ಆದರೂ ಅದು ಬೆಳೆಯಲಾರದ ಗಿಡ. ಅದರ ಒಳಗನ್ನು ಬಲ್ಲವರು ಬೇಕು.

ಹುಡುಗನಿಗೆ ಫೋನು ಮಾಡಿದೆ. ಹುಡುಗ ಎನ್ನುವ ವಯಸ್ಸಲ್ಲ ಈಗ, ಅರಸೀಕೆರೆಯಲ್ಲಿ ಸೋಲಾರ್ ಪಂಪುಗಳ ಕೆಲಸ ನೋಡಿಕೊಳ್ಳುತ್ತಾನೆ. "ಅಕ್ಕ, ಅದಿನ್ನೂ ನಡೆಯುತ್ತಿದೆಯಾ?" ಎಂದು ಎರಡು ಸಲ ಕೇಳಿದ. ಮೂಲವನ್ನು ಆಗಲೇ ಒಂದು ಫ್ಲಾಪಿಗೆ ಹಾಕಿ ಅಪ್ಪನ ಕೈಗೆ ಕೊಟ್ಟಿದ್ದನಂತೆ. ಅಟ್ಟ ಹತ್ತಿ ಹುಡುಕಿದೆ. ತಗಡಿನ ಪೆಟ್ಟಿಗೆಯಲ್ಲಿ, ಕಾಫಿ ಬೋರ್ಡಿನ ಹಳೆಯ ರಸೀದಿಗಳ ಕೆಳಗೆ ಸಿಕ್ಕಿತು. ಮೇಲೆ ಅವನದೇ ಅಕ್ಷರದಲ್ಲಿ ಬಟವಾಡೆ ಮೂಲ ಎಂದು ಬರೆದಿತ್ತು. ಲೋಹದ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದರೆ ಒಳಗಿನ ಕಂದು ತಟ್ಟೆಯ ಮೇಲೆ ಬಿಳಿಯ ಬೂಷ್ಟು, ಕಾಫಿ ಎಲೆಯ ಮೇಲೆ ಕಾಣುವ ಶಿಲೀಂಧ್ರದ ಹಾಗೆ ಬಳೆ ಬಳೆಯಾಗಿ ಹರಡಿತ್ತು. ಇಪ್ಪತ್ತೇಳು ಮಳೆಗಾಲ ಆ ಅಟ್ಟದಲ್ಲಿ ಕಳೆದಿದೆ. ಅದೃಷ್ಟವಿದ್ದರೆ ಏನಾದರೂ ಬರಬಹುದು, ದೀಪಾವಳಿಗೆ ಬಂದಾಗ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಆಸೆ ಇಟ್ಟುಕೊಂಡಿದ್ದೇನೆ, ನಂಬಿ ಕುಳಿತಿಲ್ಲ.

ಮಾಹಿತಿಗೆ ಮಾತ್ರ ಕೇಡಿಲ್ಲ. ಫಾಕ್ಸ್‌ಪ್ರೊ ಬರೆದಿಟ್ಟ ಡಿಬಿಎಫ್ ಫೈಲುಗಳನ್ನು ಲಿಬ್ರೆ ಆಫೀಸ್ ನೇರವಾಗಿ ತೆರೆಯಿತು. 1998ರ ಜೂನ್‌ನಿಂದ ಇಲ್ಲಿಯವರೆಗಿನ ಪ್ರತಿ ಹಾಜರಿ, ಪ್ರತಿ ಮುಂಗಡ. ಹೋಗಿಬಿಟ್ಟವರ ಹೆಸರುಗಳೂ ಇವೆ. ಇಲ್ಲದಿರುವುದು ನಿಯಮಗಳು, ಅವು ಪ್ರೋಗ್ರಾಮಿನೊಳಗೆ ಮುಚ್ಚಿಕೊಂಡಿವೆ. ಆದ್ದರಿಂದ ಈಗ ಅವುಗಳನ್ನು ಹೊರಗಿನಿಂದಲೇ ಕಂಡುಹಿಡಿದು ಕಾಗದದ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಾಸ್‌ಬಾಕ್ಸಿನಲ್ಲಿ ಒಂದು ಸುಳ್ಳು ಹೆಸರು ಹಾಕಿ, ಅರ್ಧ ದಿನದ ಹಾಜರಿ ಕೊಟ್ಟು, ಏನು ಬರುತ್ತದೆ ನೋಡಿ ಬರೆದುಕೊಳ್ಳುವುದು. ಮುಂಗಡ ಬದಲಿಸಿ ಮತ್ತೆ ನೋಡುವುದು. ಹೀಗೆ ಹದಿನೊಂದು ಪುಟ ಆಗಿದೆ. ಈ ಪುಟಗಳು ಮುಗಿದರೆ ಯಾವ ಯಂತ್ರಕ್ಕಾದರೂ, ಯಾರ ಕೈಯಿಂದಾದರೂ ಮತ್ತೆ ಬರೆಸಬಹುದು.

ಒಂದು ಕಡೆ ಮಾತ್ರ ನಿಂತಿದ್ದೇನೆ. ಕೊಯ್ಲಿನ ಲೆಕ್ಕದಲ್ಲಿ, ದಿನದ ಪಾಲಿಗಿಂತ ಹೆಚ್ಚು ಕೊಯ್ದಾಗ ಬರುವ ಮೊತ್ತ ಎಲ್ಲ ವಾರವೂ ಒಂದೇ ರೀತಿ ಬರುತ್ತಿಲ್ಲ. ಕೊನೆಯ ಸುತ್ತಿನ ಕೊಯ್ಲಿನಲ್ಲಿ, ಗಿಡದಲ್ಲಿ ಹಣ್ಣು ಕಡಿಮೆ ಇರುವಾಗ, ಪ್ರೋಗ್ರಾಂ ತಾನಾಗಿಯೇ ಸ್ವಲ್ಪ ಹೆಚ್ಚು ಕೊಡುತ್ತಿದೆ. ಯಾವ ತಾರೀಖಿನಿಂದ, ಯಾವ ಆಧಾರದ ಮೇಲೆ ಎಂಬುದು ತಿಳಿಯುತ್ತಿಲ್ಲ. ಅಪ್ಪ ಮತ್ತು ರೈಟರ್ ಮಾತನಾಡಿಕೊಂಡು ಸೇರಿಸಿದ್ದಿರಬೇಕು. ಇಷ್ಟು ವರ್ಷ ಅದು ನಡೆಯುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಅದನ್ನು ಬಿಟ್ಟು ಹೊಸ ಪ್ರೋಗ್ರಾಂ ಬರೆಸಿದರೆ ಕೊಯ್ಯುವವರಿಗೆ ಅನ್ಯಾಯವಾಗುತ್ತದೆ.

ರೈಟರ್ ಈಗ ಬೇಲೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಫೋನಿನಲ್ಲಿ ಮಾತು ಸರಿಹೋಗುವುದಿಲ್ಲ. ಅರೇಬಿಕಾ ಹಣ್ಣು ಬಣ್ಣ ತಿರುಗುತ್ತಿದೆ, ನವೆಂಬರ್ ಕೊನೆಗೆ ಕೊಯ್ಲು ಶುರುವಾಗುತ್ತದೆ. ಹದಿನೊಂದು ಪುಟ ಮತ್ತು ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ.